ಎಮ್ಮೆ ತಿಂದ ಎಳ್ಳುಂಡಿ

ನಮ್ಮ ತೋಟದ ಮನೆಯ ಎಮ್ಮೆ ಆ ನಾಲ್ಕು ವರ್ಷ ಕೊಟ್ಟಷ್ಟು ಗಟ್ಟಿ ಹಾಲನ್ನು ಅದಕ್ಕೆ ಮೊದಲೂ ಕೊಟ್ಟಿರಲಿಲ್ಲ, ಆಮೇಲೂ ಕೊಡಲಿಲ್ಲ. ಅದೆಲ್ಲ ತನ್ನ ಕೈಗುಣ ಎಂದು ನಮ್ಮ ಅವ್ವ ತಿಳಿದಿದ್ದಳು. ಹತ್ತಿಕಾಳು, ಹಿಂಡಿ ತಾನೇ ನೆನೆಹಾಕುತ್ತಾಳಲ್ಲ, ಅದಕ್ಕೆ ಎಂದು ಬಂದವರ ಮುಂದೆಲ್ಲ ಹೇಳುವಳು. ನಿಜವಾದ ಕಾರಣ ಗೊತ್ತಿದ್ದದ್ದು ನನಗೆ ಮತ್ತು ನನ್ನ ಅಣ್ಣನ ಮಗಳಿಗೆ ಮಾತ್ರ. ಅವ್ವ ಮೊಮ್ಮಗಳಿಗೆಂದು ಕಟ್ಟಿದ ಎಳ್ಳುಂಡಿ, ಅಂಟಿನುಂಡಿ, ಶೇಂಗಾದ ಉಂಡಿ ಎಲ್ಲ ಆ ಎಮ್ಮೆಯ ಹೊಟ್ಟೆಗೆ ಹೋಗುತ್ತಿದ್ದವು. ತಿನ್ನಬೇಡ ಎಂದು ಹುಡುಗಿಗೆ ಕಲಿಸಿದವಳು ನಾನು. ಎಮ್ಮೆಗೆ ಹಾಕುವುದು ಅವಳದೇ ಉಪಾಯ.

ಇದನ್ನು ಹೇಳಬೇಕಾದರೆ ನನ್ನದೇ ಹಳೆಯ ಕತೆಯಿಂದ ಶುರು ಮಾಡಬೇಕು. ಏಳನೆಯ ವಯಸ್ಸಿಗೆ ನನ್ನನ್ನು ಶಾಲೆಗೆಂದು ಪುಣೆಯಲ್ಲಿದ್ದ ಮಾವಶಿಯ ಮನೆಯಲ್ಲಿ ಬಿಟ್ಟರು. ಮಾವಶಿ ಎಂದರೆ ಅವ್ವನ ತಂಗಿ. ಅವರ ಓಣಿಯ ಹಿಂದೆ ಒಂದು ಹಳೆಯ ಹಾಲ್‌ನಲ್ಲಿ ವಯಸ್ಸಾದ ಹೆಣ್ಣುಮಗಳೊಬ್ಬಳು ಬ್ಯಾಲೆ ಕಲಿಸುತ್ತಿದ್ದಳು. ಮಾವಶಿಯ ಮಗಳ ಜೊತೆಗಾರ್ತಿಯಾಗಿ ನಾನೂ ಹೋದೆ. ಅವಳು ಮೂರು ತಿಂಗಳಿಗೆ ಬಿಟ್ಟಳು, ನಾನು ಬಿಡಲಿಲ್ಲ. ಗೋಡೆಗೆ ಬಡಿದ ಕಟ್ಟಿಗೆಯ ಸರಳು ಹಿಡಿದು, ಹಿಮ್ಮಡಿ ಕೂಡಿಸಿ, ಮಂಡಿ ಹೊರಗೆ ತಿರುಗಿಸಿ ನಿಂತರೆ ನನಗೆ ಊರಿನ ನೆನಪೇ ಬರುತ್ತಿರಲಿಲ್ಲ. ಹದಿಮೂರಕ್ಕೆ ನಾನು ದೊಡ್ಡವಳಾದೆ. ಮಾವಶಿ ಫೋನ್ ಮಾಡಿದ ಮರುದಿನವೇ ಅವ್ವ ಬಸ್ಸು ಹತ್ತಿ ಬಂದು ನನ್ನನ್ನು ಊರಿಗೆ ಕರೆದೊಯ್ದಳು. ಹಸಿರು ಸೀರೆ ಉಡಿಸಿ, ಮಣೆಯ ಮೇಲೆ ಕೂಡಿಸಿ, ಐವರು ಮುತ್ತೈದೆಯರಿಂದ ಆರತಿ ಮಾಡಿಸಿ, ಉಡಿ ತುಂಬಿ, ಬಾಯಿಗೆ ಎಳ್ಳುಂಡಿ ಇಟ್ಟರು. ನನ್ನ ಬೂಟುಗಳು ಪುಣೆಯಲ್ಲೇ ಉಳಿದಿದ್ದವು. ಅವನ್ನು ತರಿಸು ಎಂದು ಅತ್ತಾಗ ಅವ್ವ ಒಂದೇ ಮಾತು ಹೇಳಿದಳು.

"ಇನ್ನ ಮ್ಯಾಲ ಮಂದಿ ಮುಂದ ಕಾಲ ಎತ್ತೂದ ಬ್ಯಾಡ."

ಆ ಎಳ್ಳುಂಡಿಯ ಮೇಲೆ ಅವತ್ತು ಹುಟ್ಟಿದ ಸಿಟ್ಟು ಇಪ್ಪತ್ತೈದು ವರ್ಷ ಆರಲಿಲ್ಲ. ಸಿಟ್ಟನ್ನು ಯಾರ ಮೇಲೆ ಮಾಡಬೇಕೋ ಅವರ ಮೇಲೆ ಮಾಡಲಾಗದೆ ಉಂಡಿಯ ಮೇಲೆ ಮಾಡಿದೆ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ.

ಸಾಂಗಲಿಗೆ ನನ್ನನ್ನು ಕೊಟ್ಟರು. ಆ ಮದುವೆ ಆರು ವರ್ಷ ಹೇಗೋ ನಡೆದು ಮುರಿಯಿತು. ಊರಿಗೆ ಬರುವ ಬದಲು ನಾನು ನೇರ ಪುಣೆಗೆ ಹೋಗಿ ಅದೇ ಮುದುಕಿಯ ಬಾಗಿಲಲ್ಲಿ ನಿಂತೆ. ಹಾಲ್ ಗುಡಿಸುವುದರಿಂದ ಹಿಡಿದು ಚಿಕ್ಕ ಮಕ್ಕಳಿಗೆ ಕಲಿಸುವವರೆಗೆ ಎಲ್ಲ ಕೆಲಸ ಮಾಡಿದೆ. ಆಕೆ ತೀರಿಕೊಂಡ ಮೇಲೆ ಊರಿಗೆ ಮರಳಿ ಅಥಣಿಯಲ್ಲಿ ನನ್ನದೇ ಕ್ಲಾಸು ತೆರೆದೆ. ಒಣದ್ರಾಕ್ಷಿ ತುಂಬಿಡುತ್ತಿದ್ದ ಗೋದಾಮಿನ ಮೇಲಿನ ಮಾಳಿಗೆ ಅದು. ಎಷ್ಟು ತೊಳೆದರೂ ನೆಲ ಒಂದಿಷ್ಟು ಅಂಟುತ್ತಿತ್ತು, ಮಳೆಗಾಲದಲ್ಲಿ ದ್ರಾಕ್ಷಿಗೆ ಹೊಗೆಯಾಡಿಸಿದ ಗಂಧಕದ ವಾಸನೆ ಏಳುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ನೆಲ ನಿಜಕ್ಕೂ ಡೊಂಕಿತ್ತು, ಆದರೂ ಹುಡುಗಿಯರು ಕುಣಿದರು. ಕೆಳಗಿನ ಅಂಗಡಿಯ ಚಪ್ಪಲಿ ಹೊಲಿಯುವ ಕಾಕಾ ನಮ್ಮ ತುದಿಗಾಲಿನ ಬೂಟುಗಳ ಲಾಡಿ ಹೊಲಿದು ಕೊಡುತ್ತ, "ಬೆರಳ ಮ್ಯಾಲ ನಿಂತ್ರ ಅಲ್ಲಿಂದ ಏನ ಕಾಣತೈತ್ರಿ ಅಕ್ಕಾರ?" ಎಂದು ಛೇಡಿಸುತ್ತಿದ್ದ.

ಕ್ಲಾಸು ತುಂಬಿತ್ತು, ಆದರೆ ಒಂದು ಬದಿಯಿಂದ ಸೋರುತ್ತಿತ್ತು. ಹನ್ನೆರಡು, ಹದಿಮೂರು ವಯಸ್ಸಿಗೆ, ಕೈಕಾಲು ಹೇಳಿದಂತೆ ಕೇಳುವ ಹೊತ್ತಿಗೆ ಸರಿಯಾಗಿ, ಹುಡುಗಿ ಒಂದು ವಾರ ಬರುವುದಿಲ್ಲ. ಆಮೇಲೆ ಅವರ ಅವ್ವ ಪೇಡೆಯ ಪೊಟ್ಟಣ ಹಿಡಿದು ಬರುತ್ತಾಳೆ. "ನಮ್ಮ ಹುಡುಗಿ ದೊಡ್ಡಾಕಿ ಆದಳ್ರಿ. ಇನ್ನ ಸಾಕ್ರಿ." ನಾನು ಪೇಡೆ ತೆಗೆದುಕೊಂಡು ಚಲೋ ಆತು ಎನ್ನಬೇಕು. ಆ ಪೇಡೆಗಳನ್ನು ನಾನು ಒಂದನ್ನೂ ತಿನ್ನಲಿಲ್ಲ.

ಅಣ್ಣನ ಮಗಳು ನನ್ನ ಹತ್ತಿರ ಬಂದಾಗ ಅವಳಿಗೆ ಒಂಬತ್ತು ವರ್ಷ. ನಾವೆಲ್ಲ ಒಂದೇ ಮನೆಯಲ್ಲಿದ್ದೆವು. ಅಥಣಿಯಿಂದ ಐನಾಪುರದ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ದ್ರಾಕ್ಷಿ ತೋಟ, ತೋಟದಲ್ಲೇ ಮನೆ. ಅವ್ವ, ಅಣ್ಣ, ಅವನ ಹೆಂಡತಿ ನಮ್ಮ ವೈನಿ, ಹುಡುಗಿ ಮತ್ತು ನಾನು. ನಾನೇ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅಥಣಿಗೆ ಹೋಗಿ ಬರುತ್ತಿದ್ದೆ. ಮೊದಲ ವಾರದಲ್ಲೇ ಗೊತ್ತಾಯಿತು, ಇವಳು ಬೇರೆ. ಅವಳ ಬೆನ್ನಿನಲ್ಲಿ, ಪಾದದ ಕಮಾನಿನಲ್ಲಿ ನನಗೆ ಯಾವತ್ತೂ ಇಲ್ಲದ್ದೊಂದು ಇತ್ತು. ಅದಕ್ಕಿಂತ ಹೆಚ್ಚಾಗಿ, ಹೇಳಿದ್ದನ್ನು ಕೇಳುವ ಗುಣವಿತ್ತು. ಒಂದೊಂದು ಹೆಜ್ಜೆ ಮುಗಿದ ಮೇಲೂ ಸರಿಯಾಯಿತೇ ಎಂದು ನನ್ನ ಮುಖ ನೋಡುವಳು. ನಾನು ತಲೆಯಾಡಿಸಿದರೆ ಮಾತ್ರ ಮುಂದಿನದಕ್ಕೆ ಹೋಗುವಳು.

ಅವ್ವ ಬೇಡ ಎನ್ನಲಿಲ್ಲ. ನನ್ನ ಮುರಿದ ಮದುವೆಯ ನಂತರ ಅವಳ ದನಿ ಒಂದಿಷ್ಟು ಇಳಿದಿತ್ತು. ಆದರೆ ಊಟದ ಹೊತ್ತಿಗೆ ಎಲ್ಲರ ಮುಂದೆ ಶರತ್ತು ಹಾಕಿದಳು.

"ದೊಡ್ಡಾಕಿ ಆಗೂತನಕಾ ಕುಣೀಲಿ. ಆದ ಮರುದಿನದಿಂದ ಬ್ಯಾಡ. ಈಗ ಹೇಳೀನಿ, ಆಮ್ಯಾಲ ಯಾರೂ ಅಳಬ್ಯಾಡ್ರಿ."

ಅಣ್ಣ ಹೂಂ ಎಂದ. ವೈನಿ ರೊಟ್ಟಿ ಬಡಿಯುತ್ತಿದ್ದಳು, ಅವಳನ್ನು ಯಾರೂ ಕೇಳಲಿಲ್ಲ. ಹುಡುಗಿ ನನ್ನ ಮುಖ ನೋಡಿದಳು.

ಅವಳಿಗೆ ಹನ್ನೊಂದು ತುಂಬುತ್ತಲೇ ಅವ್ವ ಉಂಡಿ ಕಟ್ಟಲು ಶುರು ಮಾಡಿದಳು. ನಮ್ಮ ಕಡೆಯ ಲೆಕ್ಕವೇ ಹಾಗೆ: ಎಳ್ಳು, ಬೆಲ್ಲ, ಅಂಟು, ಕೊಬ್ಬರಿ, ಶೇಂಗಾ, ಪಪ್ಪಾಯಿ ಉಷ್ಣ. ಉಷ್ಣದ್ದು ತಿಂದರೆ ಹುಡುಗಿ ಹೊತ್ತಿಗೆ ಸರಿಯಾಗಿ ದೊಡ್ಡವಳಾಗುತ್ತಾಳೆ. ಎಮ್ಮೆಯ ಹಾಲು, ತುಪ್ಪ ಮೈ ತುಂಬಿಸುತ್ತವೆ. ಅವ್ವ ಹುಡುಗಿಯನ್ನು ದೊಡ್ಡವಳು ಮಾಡಲು ಏನೇನು ತಿನ್ನಿಸಬೇಕೆಂದುಕೊಂಡಿದ್ದಳೋ, ಅದನ್ನೇ ನಾನು ತಿರುವಿ ಹಾಕಿದೆ. ಪುಸ್ತಕ ಓದಿದವಳು, ಪುಣೆ ಕಂಡವಳು ನಾನು. ಅವ್ವನ ಬೇರೆ ಯಾವ ಮಾತನ್ನೂ ನಂಬದವಳು ಇದೊಂದನ್ನು ಪೂರ್ತಿ ನಂಬಿದೆ. ಉಷ್ಣದ್ದು ತಿಂದರೆ ಬೇಗ ಆಗುತ್ತದೆ ಎಂದಾದರೆ, ತಿನ್ನದಿದ್ದರೆ ತಡವಾಗಬೇಕಲ್ಲ.

ಹನ್ನೆರಡನೆಯ ವರ್ಷದಲ್ಲಿ ಒಂದು ಸಂಜೆ ಕ್ಲಾಸು ಮುಗಿದ ಮೇಲೆ ಅವಳನ್ನು ಕೂರಿಸಿಕೊಂಡು ಹೇಳಿದೆ. ಎಳ್ಳು ಬೇಡ, ಬೆಲ್ಲ ಬೇಡ, ಶೇಂಗಾ ಬೇಡ, ಹಾಲು ತುಪ್ಪ ಮೊಸರಿನ ಕೆನೆ ಬೇಡ. ಅಜ್ಜಿಗೆ ಅವಳು ಆಯಿ ಎನ್ನುವಳು. ಆಯಿ ಕೊಟ್ಟರೆ ಬೇಡ ಎನ್ನಬೇಡ, ತೆಗೆದುಕೋ, ಆದರೆ ತಿನ್ನಬೇಡ.

"ತಿನ್ಲಿಲ್ಲಂದ್ರ ಆಗೂದ ಇಲ್ಲೇನ ಅತ್ತಿ?" ಎಂದು ಕೇಳಿದಳು.

"ತಡಾ ಆಗತೈತಿ. ಅಷ್ಟ ಸಾಕು ನಮಗ."

ನಮಗೆ ಎಂದೆ. ಅವಳ ಮೈ ಅದು, ನಾನು ನಮಗೆ ಎಂದೆ.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಮಾಡಿದ್ದು ನಾನು, ಉಂಡಿದ್ದು ಅವಳು. ಉಂಡಿದ್ದು ಎಂಬುದೂ ತಪ್ಪು, ಉಣ್ಣದೇ ಇದ್ದಳು. ನಾನು ಹೇಳಿದ್ದು ಎಂಟು ಹತ್ತು ಪದಾರ್ಥ. ಅವಳು ಅದಕ್ಕೆ ತಾನೇ ಸೇರಿಸಿಕೊಂಡು ಹೋದಳು. ಮೊದಲು ಬಾಳೆಹಣ್ಣು ಬಿಟ್ಟಳು, ಆಮೇಲೆ ಅನ್ನ, ಆಮೇಲೆ ಎರಡನೆಯ ರೊಟ್ಟಿ. ಕೈಯಲ್ಲಿ ಉಂಡಿ ಹಿಡಿದು ತಿನ್ನುತ್ತಿರುವವಳಂತೆ ಹೊರಗೆ ಹೋಗಿ, ಅರ್ಧವನ್ನು ಕರವಸ್ತ್ರದಲ್ಲಿ ಸುತ್ತಿ, ಅರ್ಧವನ್ನು ಆಗಲೇ ಎಮ್ಮೆಯ ಬಾಯಿಗೆ ಕೊಡುವಳು. ಕರವಸ್ತ್ರದ ಅರ್ಧ ಸಂಜೆಗೆ. ಒಮ್ಮೆಗೇ ಎರಡು ಕೊಟ್ಟರೆ ಎಮ್ಮೆ ಜೋರಾಗಿ ಬಾಯಿ ಮಾಡಿ ಆಯಿಗೆ ಗೊತ್ತಾಗುತ್ತದೆ ಎಂದು ನನಗೆ ವಿವರಿಸಿದ್ದಳು. ನಾನು ನಕ್ಕಿದ್ದೆ. ಜಾಣೆ ಎಂದಿದ್ದೆ.

ಹದಿಮೂರಾಯಿತು, ಹದಿನಾಲ್ಕಾಯಿತು. ಅವಳ ಜೊತೆಗೆ ಸೇರಿದವರೆಲ್ಲ ಒಬ್ಬೊಬ್ಬರಾಗಿ ಪೇಡೆ ಕೊಟ್ಟು ಹೋದರು. ಇವಳು ಸರಳಿನ ಮುಂದೆ ಒಬ್ಬಳೇ ಉಳಿದಳು, ಉದ್ದ ಕೈ, ಉದ್ದ ಕುತ್ತಿಗೆ, ಎದೆಯಿಲ್ಲ, ಸೊಂಟವಿಲ್ಲ. ಕನ್ನಡಿಯಲ್ಲಿ ಅವಳನ್ನು ನೋಡಿ ನನಗೆ ಹೆಮ್ಮೆಯಾಗುತ್ತಿತ್ತು. ಪುಣೆಯ ಹಾಲ್‌ನಲ್ಲಿ ನನ್ನಿಂದ ಕಿತ್ತುಕೊಂಡದ್ದು ಇಲ್ಲಿ, ಈ ಅಂಟು ನೆಲದ ಮೇಲೆ ಮತ್ತೆ ನಿಂತಿದೆ ಎಂದು ಅನ್ನಿಸುತ್ತಿತ್ತು. ಪ್ರತಿ ತಿಂಗಳು ಅವ್ವ ವೈನಿಯನ್ನು ಕೇಳುವಳು, ವೈನಿ ಇಲ್ಲ ಎಂದು ತಲೆಯಾಡಿಸುವಳು, ಹುಡುಗಿ ಅಡುಗೆಮನೆಯ ಬಾಗಿಲ ಮರೆಯಿಂದ ನನಗೆ ಕಣ್ಣು ಹೊಡೆಯುವಳು. ನಮ್ಮಿಬ್ಬರಿಗೂ ಅದು ಗೆದ್ದ ಆಟ.

ಕಾಣಬೇಕಾದದ್ದೆಲ್ಲ ಕಾಣುತ್ತಿತ್ತು. ಮಾರ್ಚ್ ಬಿಸಿಲಿನಲ್ಲಿ ಅವಳು ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದಳು. ಬಾಚಣಿಕೆಯ ತುಂಬ ಕೂದಲು ಬರುತ್ತಿತ್ತು, ಆದರೆ ಬೆನ್ನಿನ ಮೇಲೆ, ತೋಳಿನ ಮೇಲೆ ಕೂಸಿನ ಮೈಯಲ್ಲಿರುವಂಥ ಸಣ್ಣ ರೋಮ ಎದ್ದಿತ್ತು. ಹದಿನೈದಕ್ಕೆ ಮೊಳಕಾಲ ಕೆಳಗೆ ನೋವು ಶುರುವಾಯಿತು. ಎಲ್ಲಿ ಎಂದರೆ ಹೆಬ್ಬೆರಳಿಟ್ಟು ಒಂದೇ ಜಾಗ ತೋರಿಸುವಳು. ನಾನು ಬಿಸಿ ಎಣ್ಣೆ ತಿಕ್ಕಿ, ಬೆಳೆಯುವ ನೋವು ಇದು ಎಂದೆ. ಬೆಳವಣಿಗೆ ನಿಲ್ಲಿಸುವುದಕ್ಕೇ ಮೂರು ವರ್ಷದಿಂದ ಹೆಣಗುತ್ತಿದ್ದವಳು ಬೆಳೆಯುವ ನೋವು ಎಂದೆ.

ವೈನಿ ಹೆಚ್ಚು ಮಾತಿನವಳಲ್ಲ. ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನನ್ನನ್ನು ನಿಲ್ಲಿಸಿ, "ಕೂಸು ಭಾಳ ಸೊರಗೈತಿ ನೋಡವಾ. ರಾತ್ರಿ ಕಾಲ ಹಿಡಕೊಂಡ ಮಕ್ಕೋತೈತಿ. ಒಮ್ಮೆ ಡಾಕ್ಟರ್‌ಗೆ ತೋರಸೂಣೇನ?" ಎಂದಳು.

ತೋರಿಸಿದರೆ ಡಾಕ್ಟರ್ ಮೊದಲು ಏನು ಕೇಳುತ್ತಾರೆ ಎಂದು ನನಗೆ ಗೊತ್ತಿತ್ತು. "ಡ್ಯಾನ್ಸ್ ಮಾಡೂ ಹುಡುಗ್ಯಾರು ಹಂಗ ಇರತಾರು, ವೈನಿ. ನಿಮಗ ಇದರಾಗ ತಿಳಿಯೂದಿಲ್ಲ" ಎಂದೆ. ಅವಳು ಮತ್ತೆ ಬಟ್ಟೆ ಒಗೆಯಲು ಕೂತಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲ ಯಾರಿಗೆ ಹೇಳಬೇಕು.

ಅವಳಿಗೆ ಹದಿನಾರು ತುಂಬಿದ ಫೆಬ್ರುವರಿಯಲ್ಲಿ ಪುಣೆಯ ಒಂದು ನೃತ್ಯಶಾಲೆಯ ಆಯ್ಕೆಗೆ ಅವಳನ್ನು ಕರೆದೊಯ್ದೆ. ಆಯ್ಕೆಯಾದರೆ ಎರಡು ವರ್ಷ ಅಲ್ಲೇ ಇದ್ದು ಕಲಿಯಬಹುದು. ಆಯ್ಕೆಯಾದಳು. ಬಸ್ಸಿನಲ್ಲಿ ಬರುವಾಗ ನನ್ನ ಹೆಗಲ ಮೇಲೆ ತಲೆಯಿಟ್ಟು, "ಅತ್ತಿ, ಜೂನ್‌ತನಕ ಆಗಲಿಲ್ಲಂದ್ರ ಸಾಕು. ಅಲ್ಲಿ ಹೋದ ಮ್ಯಾಲ ಆದ್ರ ಆಯಿಗೆ ಹೇಳೂದ ಬ್ಯಾಡ" ಎಂದಳು. ಜೂನ್‌ಗೆ ನಾಲ್ಕು ತಿಂಗಳಿತ್ತು. ತೊಡೆಸಂದಿನಲ್ಲಿ ಆಗಲೇ ನೋವಿತ್ತಂತೆ, ಅದನ್ನು ಅವಳು ನನಗೂ ಹೇಳಿರಲಿಲ್ಲ. ಹೇಳಿದರೆ ನಾನು ಒಂದು ವಾರ ಕ್ಲಾಸು ಬಿಡಿಸುತ್ತೇನೆ ಎಂಬ ಹೆದರಿಕೆ.

ಮುರಿದದ್ದು ಕುಣಿಯುವಾಗ ಅಲ್ಲ. ಏಪ್ರಿಲ್ ತಿಂಗಳು, ತೋಟದಲ್ಲಿ ಛಾಟಣಿ ನಡೆದಿತ್ತು. ಛಾಟಣಿ ಎಂದರೆ ದ್ರಾಕ್ಷಿ ಬಳ್ಳಿ ಸವರುವುದು. ನಮ್ಮಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್‌ನಲ್ಲಿ ಬಳ್ಳಿಗಾಗಿ, ಅಕ್ಟೋಬರಿನಲ್ಲಿ ಹಣ್ಣಿಗಾಗಿ. ಹುಡುಗಿ ಆಳುಗಳಿಗೆ ಬುತ್ತಿ ಹೊತ್ತು ತಂದಳು. ಸಾಲಿನ ನಡುವೆ ನೀರಿನ ಪೈಪು ಹಾಯ್ದಿತ್ತು, ಅದರ ಪಕ್ಕ ಗೇಣಗಲದ ಕಾಲುವೆ. ಅದನ್ನು ದಾಟಿ ಎಡಗಾಲು ಊರಿದವಳು ಹಾಗೇ ಕುಸಿದಳು. ಕತ್ತರಿಗಳ ಸಪ್ಪಳದ ನಡುವೆ ಬೇರೆ ಯಾವ ಸಪ್ಪಳವೂ ನನಗೆ ಕೇಳಲಿಲ್ಲ. ಬುತ್ತಿ ಚೆಲ್ಲಿತ್ತು. ಜಾರಿದಳು ಎಂದು ನಾನು ನಗುತ್ತಲೇ ಹೋದೆ. ಎತ್ತಲು ಹೋದರೆ ಅವಳ ಪಾದ ಹೊರಗಡೆ ತಿರುಗಿಕೊಂಡು ಬಿದ್ದಿತ್ತು, ನಾನು ಕಲಿಸಿದ್ದಕ್ಕಿಂತ ಹೆಚ್ಚು ತಿರುಗಿತ್ತು. "ಎಬ್ಬಸಬ್ಯಾಡ ಅತ್ತಿ, ಮುರದೈತಿ" ಎಂದಳು. ಅವಳು ಅಳಲಿಲ್ಲ. ಅಣ್ಣ ಕತ್ತರಿ ಕೈಯಲ್ಲೇ ಹಿಡಿದುಕೊಂಡು ಓಡಿ ಬಂದ.

ನಮ್ಮ ಕಡೆ ದೊಡ್ಡ ಕಾಯಿಲೆ ಎಂದರೆ ಮಿರಜದ ಆಸ್ಪತ್ರೆ. ಎಲುಬಿನ ಡಾಕ್ಟರ್ ಎಕ್ಸ್‌ರೇ ಫೋಟೊವನ್ನು ಬೆಳಕಿಗೆ ಹಿಡಿದು ನೋಡಿದರು. ತೊಡೆಯ ಎಲುಬು ಸೊಂಟಕ್ಕೆ ಕೂಡುವ ಕುತ್ತಿಗೆಯಲ್ಲಿ ಮುರಿದಿತ್ತು. ಮುದುಕಿಯರು ಬಚ್ಚಲಲ್ಲಿ ಬಿದ್ದರೆ ಮುರಿಯುವ ಜಾಗ. ಅದೇ ದಿನ ಆಪರೇಶನ್ ಮಾಡಿ ಸ್ಕ್ರೂ ಹಾಕಿದರು. ಎರಡು ದಿನ ಬಿಟ್ಟು ರಕ್ತ ಪರೀಕ್ಷೆ, ಎಲುಬಿನ ಸಾಂದ್ರತೆ ನೋಡುವ ಸ್ಕ್ಯಾನ್ ಎಲ್ಲ ಆಯಿತು. ಮೊಳಕಾಲ ಕೆಳಗೆ ಎರಡು ಹಳೆಯ ಬಿರುಕುಗಳು ತಾವಾಗಿಯೇ ಕೂಡಿಕೊಂಡಿದ್ದವು. ನಾನು ಎಣ್ಣೆ ತಿಕ್ಕಿದ ಜಾಗ. ಬೆನ್ನೆಲುಬನ್ನು ಬೆರಳಿನಿಂದ ತೋರಿಸುತ್ತ ಡಾಕ್ಟರ್, "ಇವು ಹದಿನಾರ ವರ್ಷದ ಎಲುಬಲ್ಲ" ಎಂದರು. ಆಮೇಲೆ ನಾನು ಇಷ್ಟು ವರ್ಷ ತಪ್ಪಿಸಿಕೊಂಡು ಬಂದ ಪ್ರಶ್ನೆಯನ್ನು ಕೇಳಿದರು.

"ಮುಟ್ಟ ಯಾವಾಗ ಶುರು ಆತು?"

"ಇನ್ನೂ ಆಗಿಲ್ರಿ" ಎಂದಳು ವೈನಿ.

ಡಾಕ್ಟರ್ ಪೆನ್ನು ಕೆಳಗಿಟ್ಟರು. ಹಾಸಿಗೆಯ ಸುತ್ತ ನಾವು ನಾಲ್ಕೂ ಜನ ಇದ್ದೆವು. ಅವರು ಬೈಯಲಿಲ್ಲ, ಶಾಲೆಯ ಮಾಸ್ತರರ ಹಾಗೆ ಬಿಡಿಸಿ ಹೇಳಿದರು.

"ಮುಟ್ಟ ತರೂ ಹಾರ್ಮೋನ್ ಐತೆಲ್ಲ, ಅದ ಎಲುಬಿಗೂ ಬೇಕು. ಇದ ಎಲುಬು ಬಲಿಯೂ ವಯಸ್ಸು. ಉಣ್ಣೂದು ಕಡಿಮಿ ಆಗಿ ದುಡಿಯೂದು ಹೆಚ್ಚಾದ್ರ, ಮೈ ತನ್ನ ಜೀವ ಉಳಸ್ಕೊಳ್ಳಾಕ ಮೊದಲ ಆ ಹಾರ್ಮೋನ್ ಬಂದ್ ಮಾಡತೈತಿ. ತಡಾ ಆಗಾಕತ್ತೈತಿ ಅಂತ ನೀವು ತಿಳಕೊಂಡ್ರಿ. ಅದು ತಡಾ ಅಲ್ಲ, ಬಂದ್ ಆಗಿತ್ತು. ಹದಿನೈದ ತುಂಬಿದ ಮ್ಯಾಲೂ ಆಗಲಿಲ್ಲಂದ್ರ ತೋರಸಬೇಕಾಗಿತ್ತು."

ವೈನಿ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

"ಏನ ಉಣತೀವಾ ನೀ?" ಎಂದು ಡಾಕ್ಟರ್ ಹುಡುಗಿಯನ್ನು ಕೇಳಿದರು. "ಹಾಲು? ಎಳ್ಳು, ಶೇಂಗಾ?"

"ಇಲ್ರಿ."

"ಮನ್ಯಾಗ ಇಲ್ಲೇನು?"

"ಉಂಡಿ ಕಟ್ಟಿ ಕಟ್ಟಿ ಕೊಟ್ಟೀನ್ರಿ ನಾನು" ಎಂದಳು ಅವ್ವ. "ತಿಂತಾಳಲ್ರಿ ದಿನಾ."

ಹುಡುಗಿ ಹೊದಿಕೆಯ ಅಂಚು ಮಡಚುತ್ತಿದ್ದಳು. ಡಾಕ್ಟರ್ ಮತ್ತೆ ಕೇಳಿದರು. "ತಿನಬ್ಯಾಡ ಅಂತ ಯಾರರ ಹೇಳಿದ್ರೇನು?"

ನಾನು ಅವಳ ಕಾಲ ಬದಿಗೆ ನಿಂತಿದ್ದೆ. ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾನು ತೆರೆಯಲಿಲ್ಲ.

"ಯಾರೂ ಇಲ್ರಿ. ನಾನ ಬಿಟ್ಟೆ" ಎಂದಳು ಹುಡುಗಿ. ಹೇಳಿ ನನ್ನ ಮುಖ ನೋಡಿದಳು.

ಆ ಕ್ಷಣದ ನನ್ನ ಹೇಡಿತನಕ್ಕೆ ನಾನು ಯಾವ ಕಾರಣವನ್ನೂ ಹುಡುಕಿಲ್ಲ. ನನಗೆ ನಾಚಿಕೆಯಾಗುತ್ತದೆ, ಈಗಲೂ, ಬರೆಯುವಾಗಲೂ.

ಅಣ್ಣ ಟೊಪ್ಪಿಗೆಯನ್ನು ಕೈಯಲ್ಲಿ ತಿರುವುತ್ತ ಕೇಳಿದ, "ನಮ್ಮಲ್ಲಿ ಏಪ್ರಿಲ್ ಛಾಟಣಿ ಆದ ಮ್ಯಾಲ ಹೊಸಾ ಕಾಡಿ, ಹೊಸಾ ಟೊಂಗಿ, ಬರತಾವ್ರಿ. ಬಿಸಲ ಇರೂದ್ರಾಗ ಆ ಕಾಡಿ ಬಲೀಬೇಕು. ಆವಾಗ ಬಲೀಲಿಲ್ಲಂದ್ರ ಅಕ್ಟೋಬರ್‌ದಾಗ ಏನ ಗೊಬ್ಬರ ಹಾಕಿದ್ರೂ ಗೊನಿ ಹಿಡಿಯೂದಿಲ್ಲ. ಇದೂ ಹಂಗ ಏನ್ರಿ?"

"ಸುಮಾರ ಹಂಗ" ಎಂದರು ಡಾಕ್ಟರ್. "ಇನ್ನೂ ಎರಡ ಮೂರ ವರ್ಷ ಐತಿ. ಉಂಡ್ರ, ಔಷಧ ತಗೊಂಡ್ರ ಒಂದಿಷ್ಟ ತುಂಬಿಕೊಳ್ಳತೈತಿ. ಹೋದದ್ದ ಪೂರಾ ಬರೂದಿಲ್ಲ."

"ಜೂನ್‌ದಾಗ ಪುಣೆಗೆ..." ಎಂದು ಹುಡುಗಿ ಶುರು ಮಾಡಿದಳು.

"ಕುಣಿಯೂದ ಬಿಡವಾ" ಎಂದರು ಡಾಕ್ಟರ್. "ಮೊದಲ ನಡಿಯೂದ ಉಳಸ್ಕೊಳ್ಳೂಣ."

ಹೊರಗೆ ಬಂದ ಮೇಲೆ ಅಣ್ಣ ಗೋಡೆಗೆ ಒರಗಿ ನಿಂತು, ನನಗೆ ಎಂದಲ್ಲ, ಹಾಗೇ ಹೇಳಿದ. "ಬಳ್ಳಿಗಾದ್ರ ವರ್ಷಾ ಏಪ್ರಿಲ್ ಬರತೈತಿ."

ಇದೇ ಅಣ್ಣ ಬಳ್ಳಿಯ ಹಾರ್ಮೋನಿನ ಬಗ್ಗೆ ಅರ್ಧ ದಿನ ಮಾತಾಡಬಲ್ಲ. ಗೊನೆ ಉದ್ದವಾಗಲು ಯಾವ ನೀರಿನಲ್ಲಿ ಯಾವ ದಿನ ಅದ್ದಬೇಕು, ಒಂದು ದಿನ ಮೊದಲಾದರೆ ಏನು, ಎರಡು ದಿನ ತಡವಾದರೆ ಏನು, ಎಲ್ಲ ಅವನಿಗೆ ಬಾಯಿಪಾಠ. ಕಾಳು ಕಾಳನ್ನೂ ಬೆರಳಲ್ಲಿ ಹಿಚುಕಿ ನೋಡುವ ಮನೆ ನಮ್ಮದು. ಮಗಳ ಮೈಯ ವಿಷಯ ಹೆಂಗಸರ ಮಾತು ಎಂದು ಅವನು ಎದ್ದು ಹೋಗುತ್ತಿದ್ದ. ಹೆಂಗಸರಾದ ನಾವು ಅದನ್ನು ಆಟ ಮಾಡಿಕೊಂಡಿದ್ದೆವು.

ಮುಂದಿನ ತಿಂಗಳುಗಳು ಔಷಧ, ಹಾಲು, ಬಿಸಿಲು, ಬಗಲಗೋಲು. ಹುಡುಗಿಗೆ ತಟ್ಟೆಯ ಮುಂದೆ ಕೂತು ಒಂದು ರೊಟ್ಟಿ ಮುಗಿಸಲು ತಾಸು ಹಿಡಿಯುತ್ತಿತ್ತು. ತಿನ್ನಲು ಹೆದರುತ್ತಿದ್ದಳು, ಆ ಹೆದರಿಕೆ ಎಲುಬಿಗಿಂತ ಗಟ್ಟಿಯಾಗಿತ್ತು. ಅವಳು ಬರುವುದಿಲ್ಲವೆಂದು ಪುಣೆಗೆ ನಾನೇ ಬರೆದು ತಿಳಿಸಿದೆ. ಕ್ಲಾಸು ಮುಚ್ಚಿದೆ. ಡಿಸೆಂಬರಿನಲ್ಲಿ ಮಿರಜಕ್ಕೆ ಹೋದಾಗ ಡಾಕ್ಟರ್ ಇನ್ನೊಂದು ಸುದ್ದಿ ಹೇಳಿದರು. ಮುರಿದ ಜಾಗ ಕೂಡಿತ್ತು, ಆದರೆ ಅದರ ಮೇಲಿನ ಎಲುಬಿನ ಗುಂಡನೆಯ ತಲೆಗೆ ರಕ್ತ ಹೋಗುವುದು ನಿಂತು ಎಲುಬು ಒಳಗೇ ಸಾಯುತ್ತಿತ್ತು. ಕಾಲು ಒಂದು ಬೆರಳಷ್ಟು ಗಿಡ್ಡಾಗಿತ್ತು. ಮುಂದೆ ಎಂದಾದರೂ ಆ ಕೀಲನ್ನೇ ಬದಲಿಸಬೇಕಾಗುತ್ತದೆ, ಆದಷ್ಟು ಮುಂದೆ ಹಾಕೋಣ ಎಂದರು.

ಸಂಕ್ರಾಂತಿ ಮುಗಿದ ಮೂರನೆ ದಿನ ಅವಳು ದೊಡ್ಡವಳಾದಳು. ಹದಿನೇಳು ಆಗಲೇ ಹತ್ತಿರ ಬಂದಿತ್ತು. ವೈನಿ ಬಂದು ಹೇಳಿದಾಗ ಅವ್ವ ದೇವರ ಮುಂದೆ ದೀಪ ಹಚ್ಚಿ ಬಹಳ ಹೊತ್ತು ಕೂತಳು. ಐದನೆಯ ದಿನ ಆರತಿ ಎಂದು ಗೊತ್ತು ಮಾಡಿದರು. ಇದೆಲ್ಲ ಯಾಕೆ ಈಗ ಎಂದು ನಾನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಗಂಡನನ್ನು ಬಿಟ್ಟವಳನ್ನು ಆರತಿಯ ಐವರಲ್ಲಿ ಸೇರಿಸುವುದಿಲ್ಲ. ನಾನು ಬೆಳಗಿನಿಂದ ಅಡುಗೆಮನೆಯಲ್ಲಿ ಅವ್ವನ ಜೊತೆ ಇದ್ದೆ. ಎಳ್ಳು ಹುರಿದಾಗಿತ್ತು, ಬೆಲ್ಲದ ಪಾಕ ಕುದಿಯುತ್ತಿತ್ತು, ಅವ್ವ ಸೌಟು ತಿರುವುತ್ತಿದ್ದಳು. ನಾವಿಬ್ಬರೇ ಇದ್ದೆವು.

"ಅವ್ವಾ, ಉಂಡಿ ತಿನಬ್ಯಾಡ ಅಂತ ಆಕೀಗೆ ನಾನ ಹೇಳಿದ್ದೆ. ಹನ್ನೆರಡ ವರ್ಷದಾಕಿ ಇದ್ದಾಗಿಂದ. ಎಲ್ಲಾ ಎಮ್ಮಿಗೆ ಹಾಕ್ಯಾಳ."

ಅವ್ವ ಸೌಟು ನಿಲ್ಲಿಸಲಿಲ್ಲ. ಪಾಕಕ್ಕೆ ಎಳ್ಳು ಸುರಿದಳು, ಕಲಸಿದಳು, ಪಾತೇಲಿ ಇಳಿಸಿ ನನ್ನ ಮುಂದೆ ಇಟ್ಟಳು. ಬೈದರೆ ಬೈಯಲಿ ಎಂದು ಕಾಯುತ್ತ ಕೂತೆ.

"ಪಾಕ ಆರತೈತಿ. ಕಟ್ಟು" ಎಂದಳು.

ಇಬ್ಬರೂ ಕಟ್ಟಿದೆವು. ಬಿಸಿ ಇದ್ದಾಗಲೇ ಕಟ್ಟಬೇಕು, ಕೈ ಸುಡುತ್ತದೆ, ನಡುನಡುವೆ ನೀರಿಗೆ ಕೈ ಅದ್ದಬೇಕು. ಅರ್ಧ ಪಾತೇಲಿ ಮುಗಿದ ಮೇಲೆ ಅವ್ವ ತಲೆ ಎತ್ತದೆ ಹೇಳಿದಳು.

"ನಿನ್ನ ಬೂಟ ಪುಣೇದಾಗ ಬಿಡಸಬಾರದಿತ್ತ ನಾನು."

ಉಳಿದದ್ದನ್ನು ಕಟ್ಟಿ ಮುಗಿಸಿದೆವು.

ಮಣೆಯ ಮೇಲೆ ಕೂರಲು ಅವಳಿಗೆ ಆಗುತ್ತಿರಲಿಲ್ಲ, ಸೊಂಟ ಅಷ್ಟು ಬಗ್ಗುವುದಿಲ್ಲ. ಕುರ್ಚಿ ಹಾಕಿದರು. ಹಸಿರು ಸೀರೆ, ಹಸಿರು ಬಳೆ, ತಲೆತುಂಬ ಅಬ್ಬಲಿಗೆ, ಕುರ್ಚಿಯ ಕೆಳಗೆ ಬಗಲಗೋಲು. ಐವರು ಆರತಿ ಮಾಡಿದರು, ಉಡಿ ತುಂಬಿದರು. ಬಾಗಿಲ ಹತ್ತಿರ ನಿಂತು ನಾನು ನೋಡುತ್ತಿದ್ದೆ. ಅವಳು ತಲೆ ಬಗ್ಗಿಸಿ ಅಳುತ್ತಿದ್ದಳು. ಬಂದ ಹೆಂಗಸರು ನಾಚಿಕೆ ಎಂದುಕೊಂಡರು. ನನಗೆ ಗೊತ್ತಿತ್ತು, ಅದು ನಾಚಿಕೆಯಲ್ಲ. ಐದು ವರ್ಷ ಅವಳು ಹೆದರಿದ್ದು ಈ ದಿನಕ್ಕೆ, ಕುಣಿತದ ಬಾಗಿಲು ಎಂದೋ ಮುಚ್ಚಿದ್ದರೂ ಆ ಹೆದರಿಕೆ ಇನ್ನೂ ಮೈಯಲ್ಲೇ ಇತ್ತು. ಅವ್ವ ಅವಳ ಗದ್ದ ಹಿಡಿದು ಎತ್ತಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ಅಳಬ್ಯಾಡವ್ವಾ. ಇನ್ನ ನಿನಗ ಯಾರೂ ಬ್ಯಾಡ ಅನ್ನೂದಿಲ್ಲ. ನಾನ ಹೇಳಾಕತ್ತೀನಿ, ಕುಣಿ ನೀ."

ಹುಡುಗಿ ಆಯಿಯ ಮುಖ ನೋಡಿ, ಆಮೇಲೆ ತನ್ನ ಎಡಗಾಲು ನೋಡಿಕೊಂಡಳು. ಯಾರೋ ಹಾಡು ಶುರು ಮಾಡಿದರು.

ಬಂದವರು ಉಂಡು ಹೋದ ಮೇಲೆ ನಾನು ತಟ್ಟೆಯಲ್ಲಿ ಎರಡು ಎಳ್ಳುಂಡಿ ಇಟ್ಟುಕೊಂಡು ಒಳಕೋಣೆಗೆ ಹೋದೆ. ಸೀರೆ ಬಿಚ್ಚದೆ ಮಂಚದ ಮೇಲೆ ಒರಗಿದ್ದಳು. ಆರತಿಯಲ್ಲಿ ಬಾಯಿಗಿಟ್ಟ ಚೂರನ್ನು ಬಿಟ್ಟರೆ ಅವಳು ಏನೂ ತಿಂದಿರಲಿಲ್ಲ. ನಾನು ಒಂದು ಉಂಡಿ ಅವಳ ಕೈಗೆ ಕೊಟ್ಟೆ. ಅದನ್ನು ಹಿಡಿದುಕೊಂಡು ಬಹಳ ಹೊತ್ತು ನೋಡಿದಳು.

"ಅತ್ತಿ, ಇನ್ನ ತಿಂದ್ರ ಏನೂ ಆಗೂದಿಲ್ಲಲಾ?"

ಅವಳು ವ್ಯಂಗ್ಯ ಮಾಡುತ್ತಿರಲಿಲ್ಲ. ವ್ಯಂಗ್ಯ ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಹನ್ನೆರಡರಲ್ಲಿ ಕೇಳಿದ ಹಾಗೆಯೇ ಕೇಳುತ್ತಿದ್ದಳು, ಅತ್ತಿಗೆ ಗೊತ್ತಿರುತ್ತದೆ ಎಂದು.

"ಇಲ್ಲವಾ. ತಿನ್ನು" ಎಂದೆ.

ಅರ್ಧ ಕಚ್ಚಿದಳು. ಉಳಿದರ್ಧವನ್ನು ದಿಂಬಿನ ಪಕ್ಕದಲ್ಲಿದ್ದ ಕರವಸ್ತ್ರದಲ್ಲಿ ಇಟ್ಟು, ನಾಲ್ಕು ಮೂಲೆ ಕೂಡಿಸಿ ಸುತ್ತಿದಳು. ಅವಳ ಕೈಗಳು ಅದನ್ನು ತಾವೇ ಮಾಡಿದವು, ಅವಳಿಗೆ ಅರಿವೇ ಇರಲಿಲ್ಲ. ನಾನು ಕೈ ಚಾಚಿ ಆ ಗಂಟು ತೆಗೆದುಕೊಂಡೆ, ಬಿಚ್ಚಿದೆ, ಉಳಿದರ್ಧವನ್ನು ಮತ್ತೆ ಅವಳ ಅಂಗೈಯಲ್ಲಿಟ್ಟೆ. ಹೊರಗೆ ಕೊಟ್ಟಿಗೆಯಲ್ಲಿ ಎಮ್ಮೆ ಸಂಜೆಯ ಹೊತ್ತಿಗೆ ಸರಿಯಾಗಿ ಕೂಗುತ್ತಿತ್ತು. ಅವಳು ಅದನ್ನು ಬಾಯಿಗೆ ಹಾಕಿ, ನಿಧಾನವಾಗಿ ಅಗಿದು ನುಂಗಿದಳು. ನುಂಗಿದ ಮೇಲೆ, ಹೆಜ್ಜೆ ಮುಗಿದಾಗ ನೋಡುತ್ತಿದ್ದ ಹಾಗೆಯೇ, ಸರಿಯಾಯಿತೇ ಎಂದು ನನ್ನ ಮುಖ ನೋಡಿದಳು.